‘ಬೇರೆ ಜಾಗ ನೋಡಿದಿರಾ?’: ಕೆರೆಯಂಗಳದ ಮನೆಗಳು, ಯುರೋಪಿನ ಪರಿಸರ ಕಾನೂನು ಮತ್ತು ನಮ್ಮ ತೀರ್ಪುಗಳು

(ಆನ್‌ಲೈನ್ ವಿಚಾರಗೋಷ್ಠಿಯಲ್ಲಿ ಆಡಿದ ಮಾತುಗಳ ಬರಹರೂಪ. ಓದಿಗೆ ಬೇಕಾದಷ್ಟು ಮಾತ್ರ ತಿದ್ದಿದ್ದೇನೆ, ಆಡುಮಾತನ್ನು ಬಹುಪಾಲು ಹಾಗೇ ಬಿಟ್ಟಿದ್ದೇನೆ.)

ಧ್ವನಿ ಕೇಳಿಸ್ತಾ ಇದೆ ಅಂದುಕೊಂಡು ಶುರು ಮಾಡ್ತೀನಿ. ಹಿಂದೂಪುರದ ಮನೆಯಿಂದ ಮಾತಾಡ್ತಿದ್ದೀನಿ, ಮಧ್ಯೆ ಕರೆಂಟ್ ಹೋದರೆ ಎರಡು ನಿಮಿಷ ಕಾಯಬೇಕು ಅಂತ ಮೊದಲೇ ಕೇಳಿಕೊಳ್ತೀನಿ.

ಯುರೋಪಿನ ಪರಿಸರ ಕಾನೂನಿನ ಆಧಾರದ ಮೇಲೆ ವಸತಿ ಬಡಾವಣೆಗಳ ಅನುಮತಿಯನ್ನು ನ್ಯಾಯಾಲಯದಲ್ಲಿ ಪ್ರಶ್ನಿಸುವುದು, ಇದು ನನ್ನ ಪಾಲಿಗೆ ಬಂದ ವಿಷಯ. ಓದೋಕೆ ಕೂತಾಗ ನನ್ನ ಕಣ್ಣ ಮುಂದೆ ಬಂದಿದ್ದು ಲಂಡನ್ನೂ ಅಲ್ಲ, ಆಮ್‌ಸ್ಟರ್‌ಡಾಮೂ ಅಲ್ಲ. ಕಲ್ಯಾಣದುರ್ಗದ ಕಡೆ ಇರುವ ನಮ್ಮ ಚಿಕ್ಕಮ್ಮನ ಸೈಟು. ಅಮ್ಮನ ತವರು ಆ ಕಡೆ. ಮನೆಯೊಳಗೆ ಕನ್ನಡ, ಬೀದಿಯಲ್ಲಿ ತೆಲುಗು. ಚಿಕ್ಕಮ್ಮನಿಗೆ ಸರ್ಕಾರದ ಯೋಜನೆಯಲ್ಲಿ ಒಂದೂವರೆ ಸೆಂಟು ಜಾಗ ಸಿಕ್ಕಿತು. ಪಟ್ಟಾ ಅವಳ ಹೆಸರಿನಲ್ಲಿದೆ. ಅವಳ ಹೆಸರಿನಲ್ಲಿ ಬಂದ ಮೊದಲ ಆಸ್ತಿ ಕಾಗದ ಅದು. ಪ್ಲಾಸ್ಟಿಕ್ ಕವರ್‌ನಲ್ಲಿ ಹಾಕಿ ಅಕ್ಕಿ ಡಬ್ಬದ ಮೇಲೆ ಇಟ್ಟಿದ್ದಾಳೆ. ಜಾಗ ಎಲ್ಲಿದೆ ಅಂದರೆ, ಊರ ಹಿರಿಯರು ‘ಕೆರೆಯ ಹಿನ್ನೀರು ನಿಲ್ಲುತ್ತಿದ್ದ ಕಡೆ’ ಅಂತಾರೆ. ನಾನು ಕಾನೂನು ಓದುವವಳಲ್ವಾ, ಒಂದು ಸಲ ಹೇಳಿಯೇಬಿಟ್ಟೆ: ‘ಚಿಕ್ಕಮ್ಮ, ಅದು ಕೆರೆ ಅಂಗಳ, ನಾಳೆ ನೀರು ಬಂದ್ರೆ?’ ಅವಳು ಕಾಯಿ ತುರಿಯೋದನ್ನು ನಿಲ್ಲಿಸಲೂ ಇಲ್ಲ. ‘ನೀರು ಬಂದ್ರೆ ಎದ್ದು ಹೋಗ್ತೀನಮ್ಮಾ. ಮೊದ್ಲು ನೀರು ಬರ್ಲಿ’ ಅಂದಳು.

ಈ ಮಾತನ್ನು ಪಕ್ಕಕ್ಕಿಟ್ಟು ನನಗೆ ಈ ವಿಷಯದ ಮೇಲೆ ಪ್ರಬಂಧ ಬರೆಯೋಕೆ ಆಗಲಿಲ್ಲ. ಹಾಗಾಗಿ ನಮ್ಮ ರಾಯಲಸೀಮೆಯದೇ ಒಂದು ತೀರ್ಪನ್ನು ಹಿಡಿದುಕೊಂಡು, ಅದನ್ನು ಯುರೋಪಿನ ತೀರ್ಪುಗಳ ಪಕ್ಕ ಇಟ್ಟು ನೋಡ್ತೀನಿ. ಆ ತೀರ್ಪನ್ನು ತರಗತಿಯಲ್ಲಿ ನಾವೆಲ್ಲ ಹೊಗಳಿದ್ದೇವೆ. ನಾನೂ ಹೊಗಳಿ ಉತ್ತರ ಬರೆದು ಅಂಕ ತಗೊಂಡಿದ್ದೇನೆ. ಈಗ ತಕರಾರು ಎತ್ತುತ್ತಿದ್ದೇನೆ.

ಪ್ರಕರಣ ‘ಇಂಟೆಲೆಕ್ಚುವಲ್ಸ್ ಫೋರಂ, ತಿರುಪತಿ ವಿರುದ್ಧ ಆಂಧ್ರಪ್ರದೇಶ ಸರ್ಕಾರ’. ಸುಪ್ರೀಂ ಕೋರ್ಟು ಫೆಬ್ರವರಿ 2006ರಲ್ಲಿ ಕೊಟ್ಟ ತೀರ್ಪು, ನ್ಯಾಯಮೂರ್ತಿಗಳಾದ ರೂಮಾ ಪಾಲ್ ಮತ್ತು ಎ.ಆರ್. ಲಕ್ಷ್ಮಣನ್ ಅವರ ಪೀಠ. ತಿರುಪತಿಯ ಪಕ್ಕದಲ್ಲಿ ಎರಡು ಹಳೆಯ ಕೆರೆಗಳು, ಪೇರೂರು ಮತ್ತು ಅವಿಲಾಲ. (ನಮ್ಮ ಕಡೆಯವರಿಗೆ ಒಂದು ಮಾತು: ಇದು ಪೆನ್ನಾ ನದಿಯ ಮೇಲಿರುವ ನಮ್ಮ ಪೇರೂರು ಅಣೆಕಟ್ಟು ಅಲ್ಲ. ನಾನೂ ಮೊದಲ ಸಲ ಗಲಿಬಿಲಿಯಾಗಿದ್ದೆ.) 1991ರ ಒಂದು ಸರ್ಕಾರಿ ಆದೇಶದಲ್ಲಿ ಪೇರೂರು ಕೆರೆಯ 150 ಎಕರೆ ತಿರುಪತಿ ನಗರಾಭಿವೃದ್ಧಿ ಪ್ರಾಧಿಕಾರಕ್ಕೆ ಹೋಯಿತು. 1994ರ ಇನ್ನೊಂದು ಆದೇಶದಲ್ಲಿ ಅವಿಲಾಲ ಕೆರೆಯ 90 ಎಕರೆ ರಾಜ್ಯದ ಹೌಸಿಂಗ್ ಬೋರ್ಡಿಗೆ ಹೋಯಿತು. ಎರಡೂ ಮನೆ ಕಟ್ಟೋಕೆ. ಹೈಕೋರ್ಟು ಅರ್ಜಿಯನ್ನು ಒಪ್ಪಲಿಲ್ಲ, ಮೇಲ್ಮನವಿ ದೆಹಲಿಗೆ ಹೋಯಿತು.

ಸುಪ್ರೀಂ ಕೋರ್ಟು ಅಲ್ಲಿ ಹೇಳಿದ ತತ್ವ ನಿಮಗೆಲ್ಲ ಗೊತ್ತಿರೋದೇ. ಕೆರೆ ಸಮುದಾಯದ ಸ್ವತ್ತು, ಸರ್ಕಾರ ಅದರ ಮಾಲೀಕನಲ್ಲ, ನ್ಯಾಸಧಾರಿ. ನ್ಯಾಸಧಾರಿ ತನಗೆ ಒಪ್ಪಿಸಿದ್ದನ್ನು ಬೇರೆಯವರಿಗೆ ಪರಭಾರೆ ಮಾಡುವ ಹಾಗಿಲ್ಲ. 1997ರ ಕಮಲ್‌ನಾಥ್ ಪ್ರಕರಣದಲ್ಲಿ ನದಿಯ ದಡಕ್ಕೆ ಹೇಳಿದ ಸಾರ್ವಜನಿಕ ನ್ಯಾಸ ಸಿದ್ಧಾಂತವನ್ನು ಇಲ್ಲಿ ಕೆರೆಗೆ ತಂದರು. ಸಂವಿಧಾನದ 48-ಎ ಮತ್ತು 51-ಎ(ಜಿ) ವಿಧಿಗಳನ್ನು ಜೊತೆಗಿಟ್ಟರು. ಇಷ್ಟು ಓದಿ ನಾವು ಚಪ್ಪಾಳೆ ಹೊಡೆದು ಪುಟ ಮಡಚುತ್ತೇವೆ.

ನನ್ನ ತಕರಾರು ಶುರುವಾಗೋದು ಮಡಚಿದ ಆ ಪುಟದ ನಂತರ, ಕೊನೆಯ ನಿರ್ದೇಶನಗಳಲ್ಲಿ. ಅವುಗಳಲ್ಲಿ ಏನಿದೆ? ಇನ್ನು ಮುಂದೆ ಹೊಸ ಕಟ್ಟಡ ಬೇಡ. ಪೇರೂರು ಕೆರೆಗೆ ನೀರು ತರುವ ಬೋಡೆದ್ದುಲ ವಂಕವನ್ನು ಸ್ವಚ್ಛ ಮಾಡಬೇಕು, ನೀರಿಗೆ ಅಡ್ಡ ಇರುವ ಒಂದು ಸಣ್ಣ ಚೆಕ್‌ಡ್ಯಾಂ ತೆಗೆಯಬೇಕು. ಕನಿಷ್ಠ 50 ಎಕರೆಯಲ್ಲಿ ಇಂಗುಕೆರೆ ಮಾಡಬೇಕು. ಅವಿಲಾಲದಲ್ಲಿ ಉಳಿದ 40 ಎಕರೆಗೆ ಕಾಂಕ್ರೀಟ್ ಹಾಕಬಾರದು. ಆಗಲೇ ಕಟ್ಟಿರುವ ಪ್ರತಿ ಮನೆಯೂ ಚಾವಣಿ ನೀರನ್ನು ಕೊಯ್ಲು ಮಾಡಬೇಕು. ಆ ಪ್ರದೇಶದಲ್ಲಿ ಯಾವ ಕಾರಣಕ್ಕೂ ಬೋರ್‌ವೆಲ್ ಕೊರೆಯುವ ಹಾಗಿಲ್ಲ.

ಒಂದೊಂದೂ ಒಳ್ಳೆಯದೇ, ಬೇಡ ಅಂತ ನಾನು ಹೇಳ್ತಿಲ್ಲ. ಆದರೆ ಭಾರ ಯಾರ ಮೇಲೆ ಬಿತ್ತು ನೋಡಿ. ಕೆರೆಯನ್ನು ಪರಭಾರೆ ಮಾಡಿದ್ದು ಸರ್ಕಾರ, ಕಟ್ಟಿದ್ದು ಪ್ರಾಧಿಕಾರ ಮತ್ತು ಬೋರ್ಡು. ಬೋರ್ ಹಾಕಿಸಬೇಡಿ, ಚಾವಣಿಗೆ ಪೈಪು ಹಾಕಿಸಿ ಅನ್ನೋ ಷರತ್ತು ಮಾತ್ರ ಬಂದಿದ್ದು ಮನೆ ತಗೊಂಡವರಿಗೆ. ನ್ಯಾಸಧಾರಿ ನಂಬಿಕೆದ್ರೋಹ ಮಾಡಿದರೆ ಕಳೆದದ್ದನ್ನು ತುಂಬಿಕೊಡಬೇಕು ಅನ್ನೋದು ನ್ಯಾಸ ಕಾನೂನಿನ ಮೊದಲ ಪಾಠ. ಇಲ್ಲಿ ನ್ಯಾಸಧಾರಿಗೆ ಕೊನೆಗೆ ಸಿಕ್ಕಿದ್ದು ಕಾಲುವೆ ತೋಡುವ ಕೆಲಸ.

ಇನ್ನೊಂದು ವಿಷಯ ಗಮನಿಸಿ. ಕೆರೆಗೆ ನೀರು ಬರೋದು ನಿಂತಿದೆ, ಅದು ಉಪಯೋಗಕ್ಕಿಲ್ಲ ಅನ್ನೋದು ಮನೆ ಕಟ್ಟುವವರ ಕಡೆಯ ವಾದ. ವಂಕ ತೆರವು ಮಾಡಿ, ಚೆಕ್‌ಡ್ಯಾಂ ತೆಗೆಯಿರಿ ಅನ್ನೋದು ಕೋರ್ಟಿನ ನಿರ್ದೇಶನ. ಎರಡನ್ನೂ ಒಟ್ಟಿಗೆ ಓದಿದರೆ, ಕೆರೆ ತಾನಾಗಿ ಸತ್ತಿರಲಿಲ್ಲ, ದಾರಿ ಕಟ್ಟಿದ್ದರಿಂದ ಒಣಗಿತ್ತು ಅನ್ನೋದು ತೀರ್ಪಿನೊಳಗೇ ಸಿಗುತ್ತೆ. ಹಾಗಿದ್ದರೆ 1991ರಲ್ಲಿ ಆ ಫೈಲಿಗೆ ಸಹಿ ಹಾಕುವ ಮುಂಚೆ, ಇದು ಯಾಕೆ ಒಣಗಿದೆ ಅಂತ ಯಾರಾದರೂ ಕೇಳಬೇಕಿತ್ತು. ಆ ಪ್ರಶ್ನೆ ಕೇಳಲೇಬೇಕಾದ ಕರ್ತವ್ಯ ಯಾವ ಕಚೇರಿಯ ಮೇಜಿನ ಮೇಲೂ ಇರಲಿಲ್ಲ. ಹದಿನೈದು ವರ್ಷ ಆದಮೇಲೆ ದೆಹಲಿಯಲ್ಲಿ ಕೇಳಬೇಕಾಯಿತು, ಅಷ್ಟರಲ್ಲಿ ಜನ ಆ ಮನೆಗಳಲ್ಲಿದ್ದರು.

ಇದರ ಪಕ್ಕದಲ್ಲಿ 2001ರ ಹಿಂಚ್‌ಲಾಲ್ ತಿವಾರಿ ತೀರ್ಪನ್ನು ಇಡ್ತೀನಿ. ಉತ್ತರಪ್ರದೇಶದ ಒಂದು ಹಳ್ಳಿ ಕುಂಟೆ, ಅದನ್ನು ಮನೆ ನಿವೇಶನ ಅಂತ ಹಂಚಿದ್ದರು. ಕುಂಟೆ ಮಟ್ಟಸವಾಗಿದೆ, ಇನ್ನು ಅದಕ್ಕೆ ಬರೋಲ್ಲ ಅನ್ನೋ ವಾದ ಅಲ್ಲೂ ಇತ್ತು. ಸುಪ್ರೀಂ ಕೋರ್ಟು ಒಪ್ಪಲಿಲ್ಲ, ಹಂಚಿಕೆ ಪಡೆದವರು ಆರು ತಿಂಗಳಲ್ಲಿ ಜಾಗ ಖಾಲಿ ಮಾಡಬೇಕು ಅಂತು. ಅದೇ ಸುಪ್ರೀಂ ಕೋರ್ಟು, ನಡುವೆ ಐದೇ ವರ್ಷ. ಹಳ್ಳಿಯ ಕೆಲವೇ ಕುಟುಂಬಗಳಾದರೆ ಎದ್ದು ಹೋಗಬೇಕು, ಹೌಸಿಂಗ್ ಬೋರ್ಡಾದರೆ ಕಟ್ಟಿದ್ದು ಉಳಿಯುತ್ತೆ. ಬೇರೆ ಬೇರೆ ಸಂಗತಿಗಳು, ಹೋಲಿಸಬಾರದು ಅಂತ ಪ್ರೊಫೆಸರ್ ಹೇಳಬಹುದು. ಸಂಗತಿಗಳು ಬೇರೆ ಅನ್ನೋದನ್ನು ಒಪ್ಪುತ್ತೇನೆ. ಆದರೆ ಆ ವ್ಯತ್ಯಾಸ ಪ್ರತಿ ಸಲ ಯಾರ ಪರವಾಗಿ ಬೀಳುತ್ತೆ ಅಂತ ನೋಡೋದು ವಿಮರ್ಶೆಯ ಕೆಲಸ ಅಲ್ವಾ.

ಈಗ ಯುರೋಪಿಗೆ ಹೋಗೋಣ. ಅಲ್ಲಿನ ತೀರ್ಪುಗಳಲ್ಲಿ ನನಗೆ ಇಷ್ಟವಾಗಿದ್ದು ಅವುಗಳ ಒಣ ಭಾಷೆ. ಕೆರೆ ಅಮ್ಮ, ನದಿ ದೇವಿ ಅನ್ನುವ ಮಾತೇ ಇಲ್ಲ. ಅವು ಕೇಳೋದು, ಅನುಮತಿ ಕೊಡುವ ಮುಂಚೆ ನೋಡಿದಿರಾ, ನೋಡಿದ್ದಕ್ಕೆ ಕಾಗದ ಎಲ್ಲಿದೆ ಅಂತ.

2000ನೇ ಇಸವಿಯ ಬರ್ಕ್ಲಿ ಪ್ರಕರಣ ತಗೊಳ್ಳಿ. ಲಂಡನ್ನಿನಲ್ಲಿ ಥೇಮ್ಸ್ ದಡದ ಫುಲ್ಹಮ್ ಫುಟ್‌ಬಾಲ್ ಮೈದಾನದ ಪುನರ್‌ನಿರ್ಮಾಣ, ಜೊತೆಗೆ ನದಿ ಪಕ್ಕ ಫ್ಲ್ಯಾಟುಗಳು. 1985ರ ಯುರೋಪಿಯನ್ ನಿರ್ದೇಶನದ ಪ್ರಕಾರ ಬೇಕಾಗಿದ್ದ ಪರಿಸರ ಹೇಳಿಕೆಯನ್ನು ಕೇಳಿಯೇ ಇರಲಿಲ್ಲ. ಮಾಹಿತಿ ಎಲ್ಲ ಬೇರೆ ಬೇರೆ ಕಾಗದಗಳಲ್ಲಿ ಇತ್ತು, ಹೇಳಿಕೆ ತರಿಸಿದ್ದರೂ ಫಲಿತಾಂಶ ಇದೇ ಆಗ್ತಿತ್ತು ಅಂತ ಸರ್ಕಾರದ ಕಡೆ ವಾದ. ಹೌಸ್ ಆಫ್ ಲಾರ್ಡ್ಸ್ ಒಪ್ಪಲಿಲ್ಲ. ಸಾಮಾನ್ಯ ಜನ ಹತ್ತು ಕಡೆ ಕಾಗದ ಹುಡುಕಿಕೊಂಡು ಅಲೆಯಬೇಕಾದರೆ ಅದು ಪರಿಸರ ಹೇಳಿಕೆಯೇ ಅಲ್ಲ ಅನ್ನೋ ಅರ್ಥದಲ್ಲಿ ಹೇಳಿ ಅನುಮತಿಯನ್ನು ರದ್ದು ಮಾಡಿತು. ತಹಶೀಲ್ದಾರ್ ಕಚೇರಿಯಲ್ಲಿ ಒಂದು ನಕಾಶೆ, ನೀರಾವರಿ ಇಲಾಖೆಯಲ್ಲಿ ಇನ್ನೊಂದು, ಪುರಸಭೆಯಲ್ಲಿ ಮೂರನೆಯದು, ಇದನ್ನೆಲ್ಲ ಅಲೆದು ನೋಡಿದವರಿಗೆ ಈ ಮಾತಿನ ಬೆಲೆ ಗೊತ್ತಾಗುತ್ತೆ.

ಆಮೇಲೆ 1992ರ ಆವಾಸಸ್ಥಾನ ನಿರ್ದೇಶನ, ಅದರ 6(3)ನೇ ಪರಿಚ್ಛೇದ. ಸಂರಕ್ಷಿತ ಅಂತ ಪಟ್ಟಿಯಾದ ತಾಣಕ್ಕೆ ಒಂದು ಯೋಜನೆಯಿಂದ ಗಣನೀಯ ಪರಿಣಾಮ ಆಗುವ ಸಾಧ್ಯತೆ ಇದ್ದರೆ ಮೊದಲು ಮೌಲ್ಯಮಾಪನ ಆಗಬೇಕು. ಯೋಜನೆ ತಾಣದ ಒಳಗೇ ಇರಬೇಕು ಅಂತಿಲ್ಲ. 2004ರಲ್ಲಿ ವಾಡನ್‌ಜೀ ಪ್ರಕರಣದಲ್ಲಿ ಯುರೋಪಿಯನ್ ನ್ಯಾಯಾಲಯ, ಹಾನಿ ಆಗೋದಿಲ್ಲ ಅನ್ನೋದರ ಬಗ್ಗೆ ಸಮಂಜಸವಾದ ವೈಜ್ಞಾನಿಕ ಅನುಮಾನ ಉಳಿಯಬಾರದು, ಉಳಿದರೆ ಅನುಮತಿ ಇಲ್ಲ ಅಂತು. ಅದು ಡಚ್ಚರ ಕರಾವಳಿಯಲ್ಲಿ ಚಿಪ್ಪುಮೀನು ಬಾಚುವ ಪ್ರಕರಣ; ಇಂಗ್ಲೆಂಡಿನಲ್ಲಿ ಅದೇ ತತ್ವ ಮನೆಗಳ ಮೇಲೆ ಬಂತು. ಲಂಡನ್ನಿನ ನೈಋತ್ಯಕ್ಕೆ ಥೇಮ್ಸ್ ಬೇಸಿನ್ ಹೀತ್ಸ್ ಅಂತ ಕುರುಚಲು ಬಯಲು ಇದೆ. ಅಲ್ಲಿ ನೆಲದ ಮೇಲೆ, ನೆಲದ ಹತ್ತಿರದ ಪೊದೆಗಳಲ್ಲಿ ಗೂಡು ಕಟ್ಟುವ ಹಕ್ಕಿಗಳಿವೆ. ಹೊಸ ಬಡಾವಣೆ ಬಂದರೆ ಜನ ಬರ್ತಾರೆ, ಜನ ಬಂದರೆ ನಾಯಿ ಬರುತ್ತೆ, ನಾಯಿ ವಾಕಿಂಗಿಗೆ ಹೋದರೆ ಹಕ್ಕಿ ಗೂಡು ಬಿಟ್ಟು ಏಳುತ್ತೆ. ಇಷ್ಟಕ್ಕೇ 400 ಮೀಟರಿನ ಒಳಗೆ ಹೊಸ ಮನೆ ಬೇಡ, 5 ಕಿಲೋಮೀಟರಿನವರೆಗೆ ಪರಿಹಾರ ಕ್ರಮ ಬೇಕು ಅನ್ನೋ ನೀತಿ ಬಂತು. ನಮ್ಮೂರಲ್ಲಿ ಇದನ್ನು ಹೇಳಿದರೆ ನಗ್ತಾರೆ. ನಾನೂ ನಕ್ಕಿದ್ದೆ.

ಅಲ್ಲೇ ಒಂದು ಸೂಕ್ಷ್ಮ ಇದೆ. 2008ರ ಡಿಲ್ಲಿ ಲೇನ್ ಪ್ರಕರಣದಲ್ಲಿ ಬಿಲ್ಡರು ಬೇರೆ ಕಡೆ ನಾಯಿ ಓಡಾಡೋಕೆ ಹಸಿರು ಜಾಗ ಕೊಡ್ತೀವಿ ಅಂದಿದ್ದರು. ಆ ಭರವಸೆಯನ್ನು ಲೆಕ್ಕಕ್ಕೆ ತಗೊಂಡು ಪೂರ್ಣ ಮೌಲ್ಯಮಾಪನವೇ ಬೇಡ ಅನ್ನಬಹುದು ಅಂತ ಇಂಗ್ಲಿಷ್ ಕೋರ್ಟು ಹೇಳಿತ್ತು. ಹತ್ತು ವರ್ಷ ಆಮೇಲೆ, ಏಪ್ರಿಲ್ 2018ರಲ್ಲಿ, ಐರ್ಲೆಂಡಿನಿಂದ ಹೋದ ‘ಪೀಪಲ್ ಓವರ್ ವಿಂಡ್’ ಪ್ರಕರಣದಲ್ಲಿ ಯುರೋಪಿಯನ್ ನ್ಯಾಯಾಲಯ ಆ ದಾರಿ ಮುಚ್ಚಿತು. ಹಾನಿ ತಗ್ಗಿಸುವ ಕ್ರಮದ ಭರವಸೆ ಕೊಟ್ಟು ಮೊದಲ ಜರಡಿಯನ್ನು ದಾಟುವ ಹಾಗಿಲ್ಲ, ಆ ಭರವಸೆ ನಿಜವಾಗಿ ಕೆಲಸ ಮಾಡುತ್ತಾ ಅಂತ ಪೂರ್ಣ ಮೌಲ್ಯಮಾಪನದಲ್ಲೇ ನೋಡಬೇಕು. ಈಗ ತಿರುಪತಿಯ ಚಾವಣಿ ನೀರಿನ ಕೊಯ್ಲನ್ನು ನೆನಪಿಸಿಕೊಳ್ಳಿ. ಯುರೋಪಿನಲ್ಲಿ ಪರಿಹಾರ ಕ್ರಮವನ್ನು ಅನುಮತಿಗೆ ಮುಂಚೆ ಪರೀಕ್ಷೆಗೆ ಒಡ್ಡುತ್ತಾರೆ. ನಮ್ಮಲ್ಲಿ ಅದೇ ಕ್ರಮ ಮನೆ ಕಟ್ಟಿದ ಮೇಲೆ ತೀರ್ಪಿನ ಕೊನೆಯಲ್ಲಿ ಬರುತ್ತೆ, ಕೆಲಸ ಮಾಡುತ್ತೋ ಇಲ್ಲವೋ ನೋಡೋಕೆ ಕೊಳವೆಮಾಪಕ ಇಡಿ ಅನ್ನೋ ಇನ್ನೊಂದು ನಿರ್ದೇಶನದ ಜೊತೆಗೆ.

‘2006ರ ನಂತರ ನಮ್ಮಲ್ಲೂ ಪರಿಸರ ಅನುಮೋದನೆ ಇದೆಯಲ್ಲ’ ಅಂತ ಚಾಟ್‌ನಲ್ಲಿ ಒಬ್ಬರು ಹಾಕಿದ್ದಾರೆ. ಇದೆ. 14 ಸೆಪ್ಟೆಂಬರ್ 2006ರ ಅಧಿಸೂಚನೆ. ಕಟ್ಟಡ ಯೋಜನೆಯಾದರೆ 20,000 ಚದರ ಮೀಟರ್ ನಿರ್ಮಿತ ಪ್ರದೇಶದಿಂದ ಶುರು, ಟೌನ್‌ಶಿಪ್ ಆದರೆ 50 ಹೆಕ್ಟೇರ್ ಅಥವಾ 1,50,000 ಚದರ ಮೀಟರ್ ನಿರ್ಮಿತ ಪ್ರದೇಶ. ಬನ್ನಿ, ಲೆಕ್ಕ ಹಾಕೋಣ. ಪೇರೂರಿನ 150 ಎಕರೆ ಅಂದರೆ ಸುಮಾರು 60 ಹೆಕ್ಟೇರ್, ಒಳಗೆ ಬರುತ್ತೆ. ಅವಿಲಾಲದ 90 ಎಕರೆ ಅಂದರೆ ಸುಮಾರು 36 ಹೆಕ್ಟೇರ್, ವಿಸ್ತೀರ್ಣದ ಲೆಕ್ಕದಲ್ಲಿ ಹೊರಗೆ. ಇನ್ನು ಚಿಕ್ಕಮ್ಮನ ಲೇಔಟಿನಂಥದ್ದು: ಸರ್ಕಾರ ಗೆರೆ ಎಳೆದು ಸೈಟು ಕೊಡುತ್ತೆ, ಮನೆಯನ್ನು ಫಲಾನುಭವಿಗಳೇ ಒಬ್ಬೊಬ್ಬರಾಗಿ ಕಟ್ಟಿಕೊಳ್ತಾರೆ. ಒಂದೂವರೆ ಸೆಂಟು ಅಂದರೆ ಸುಮಾರು 61 ಚದರ ಮೀಟರ್. ಒಂದೊಂದು ಮನೆಯನ್ನು ಬೇರೆ ಬೇರೆ ಹಿಡಿದರೆ 20,000 ಚದರ ಮೀಟರಿನ ಹತ್ತಿರಕ್ಕೂ ಬರೋಲ್ಲ. ನಾಲ್ಕೈದು ಎಕರೆ ಲೇಔಟು, ಅದೂ ಸಣ್ಣ ಊರಿನ ಸಣ್ಣ ಕೆರೆಯ ಅರ್ಧ ಅಂಗಳ ನುಂಗುವಂಥದ್ದು, ನನ್ನ ಓದಿನ ಪ್ರಕಾರ ಈ ಜರಡಿಯ ತೂತಿನಲ್ಲಿ ಸಲೀಸಾಗಿ ಇಳಿದುಹೋಗುತ್ತೆ.

ಯುರೋಪಿನಲ್ಲಿ ಇದೇ ಪ್ರಶ್ನೆ 1999ರಲ್ಲಿ ಐರ್ಲೆಂಡಿನ ವಿರುದ್ಧದ ಪ್ರಕರಣದಲ್ಲಿ ಬಂದಿತ್ತು. ಐರ್ಲೆಂಡ್ ಕೆಲವು ಬಗೆಯ ಯೋಜನೆಗಳಿಗೆ ಗಾತ್ರದ ಮಿತಿ ಮಾತ್ರ ಇಟ್ಟಿತ್ತು. ನ್ಯಾಯಾಲಯ ಹೇಳಿತು: ಬರೀ ಗಾತ್ರ ನೋಡಿದರೆ ಸಾಲದು, ಯೋಜನೆಯ ಸ್ವರೂಪವನ್ನೂ ಜಾಗವನ್ನೂ ನೋಡಬೇಕು, ಸೂಕ್ಷ್ಮ ಜಾಗದಲ್ಲಿ ಸಣ್ಣದೂ ದೊಡ್ಡ ಹಾನಿ ಮಾಡಬಹುದು, ಸಣ್ಣ ಸಣ್ಣ ತುಂಡು ಮಾಡಿ ತಪ್ಪಿಸಿಕೊಳ್ಳೋಕೆ ದಾರಿ ಬಿಡಬಾರದು. ಆ ತೀರ್ಪು ಮನೆಗಳ ಬಗ್ಗೆ ಅಲ್ಲ, ಪೀಟ್ ಮಣ್ಣು ತೆಗೆಯೋದು, ಕಾಡು ಬೆಳೆಸೋದು ಇಂಥವುಗಳ ಬಗ್ಗೆ. ಆದರೂ ನಾನು ಓದಿದ ಎಲ್ಲದರಲ್ಲಿ ಕಲ್ಯಾಣದುರ್ಗಕ್ಕೆ ಅತಿ ಹತ್ತಿರದ ತೀರ್ಪು ಅದೇ.

ಇನ್ನು ಜೌಗುಭೂಮಿ ನಿಯಮಗಳು, 2017. ಕೆರೆ ಉಳಿಸೋಕೆ ಇದನ್ನೇ ಹಿಡಿಯಬಹುದು ಅಂದುಕೊಂಡಿದ್ದೆ. ವ್ಯಾಖ್ಯೆ ಓದಿ ಸುಮ್ಮನಾದೆ. ಕುಡಿಯುವ ನೀರಿಗೆ, ನೀರಾವರಿಗೆ ಅಂತಲೇ ಮನುಷ್ಯರು ಕಟ್ಟಿದ ಜಲಮೂಲಗಳು ಅದರಿಂದ ಹೊರಗೆ. ಅನಂತಪುರ ಸೀಮೆಯ ಕೆರೆ ಅಂದರೆ ಏರಿ, ತೂಬು, ಕೋಡಿ, ಕೆಳಗೆ ಗದ್ದೆ. ಯಾರೋ ಕಟ್ಟಿಸಿದ್ದೇ. ಮಳೆ ಕಡಿಮೆಯ ನಾಡಿನಲ್ಲಿ ಜನ ಕೈಯಾರೆ ಕಟ್ಟಿದ್ದು ಅನ್ನೋ ಒಂದೇ ಕಾರಣಕ್ಕೆ ಅದು ಜೌಗುಭೂಮಿ ಅಲ್ಲ. 2002ರ ಆಂಧ್ರದ ನೀರು, ಭೂಮಿ ಮತ್ತು ಮರಗಳ ಕಾಯ್ದೆಯಲ್ಲಿ ಸಣ್ಣ ಕೆರೆಗಳನ್ನೂ ಸಂರಕ್ಷಿತ ಅಂತ ಅಧಿಸೂಚನೆ ಹೊರಡಿಸಬಹುದು. ‘ಬಹುದು’ ಅಂತ ಇದೆ, ‘ಬೇಕು’ ಅಂತ ಇಲ್ಲ.

ಒಂದು ಅಡ್ಡಮಾತು. ನಮ್ಮ ಎರಡೂ ಊರುಗಳ ನೀರು ಕರ್ನಾಟಕದಿಂದ ಬರುವ ನದಿಗಳ ಜಲಾನಯನಕ್ಕೆ ಸೇರಿದ್ದು. ಹಿಂದೂಪುರಕ್ಕೆ ನಂದಿಬೆಟ್ಟದ ಕಡೆಯಿಂದ ಗೌರಿಬಿದನೂರು ದಾಟಿ ಬರುವ ಪೆನ್ನಾ, ಕಲ್ಯಾಣದುರ್ಗದ ಪಶ್ಚಿಮಕ್ಕೆ ವೇದಾವತಿ. ಈ ಎರಡೂ ನದಿಗಳು 1892ರ ಮೈಸೂರು–ಮದ್ರಾಸು ಒಪ್ಪಂದದ ಪಟ್ಟಿಯಲ್ಲಿವೆ. ಅದರ ಪ್ರಕಾರ ಮೇಲಿನ ಮೈಸೂರು ಈ ನದಿಗಳಿಗೆ ಹೊಸ ಜಲಾಶಯ ಕಟ್ಟಬೇಕಾದರೆ ಕೆಳಗಿನ ಮದ್ರಾಸನ್ನು ಮೊದಲೇ ಕೇಳಿ ಒಪ್ಪಿಗೆ ಪಡೆಯಬೇಕಿತ್ತು. ಅಂದರೆ ಮೊದಲು ಕೇಳು, ಆಮೇಲೆ ಕಟ್ಟು ಅನ್ನೋದು ನಮ್ಮ ಸೀಮೆಗೆ ಬ್ರಸೆಲ್ಸ್‌ನಿಂದ ಬಂದ ಹೊಸ ವಿಚಾರ ಏನಲ್ಲ. ನೀರು ಕಟ್ಟೋಕೆ ಮುನ್ನೊಪ್ಪಿಗೆ ಬೇಕು ಅಂತ ನೂರ ಮೂವತ್ತು ವರ್ಷದ ಹಿಂದೆ ಬರೆದಿಟ್ಟಿದ್ದರು, ಕಟ್ಟಿದ ಕೆರೆ ಮುಚ್ಚೋಕೆ ಏನು ಬೇಕು ಅಂತ ಬರೆಯಲಿಲ್ಲ.

ಹಾಗಂತ ಯುರೋಪಿನ ಕಾನೂನನ್ನು ತಂದು ಇಲ್ಲಿ ನೆಟ್ಟರೆ ಸರಿಹೋಗುತ್ತಾ? ಒಂದು ಕಲ್ಪನೆ ಮಾಡೋಣ. ಹಿಂದೂಪುರದ ಹತ್ತಿರ ಚಿಲಮತ್ತೂರು ಮಂಡಲದಲ್ಲಿ ವೀರಾಪುರಂ ಇದೆ. ಪ್ರತಿ ವರ್ಷ ಬಣ್ಣದ ಕೊಕ್ಕರೆಗಳು ಬಂದು ಊರೊಳಗಿನ ಮರಗಳಲ್ಲಿ ಗೂಡು ಕಟ್ಟುತ್ತವೆ, ಊರವರು ಅವನ್ನು ಕಾಪಾಡ್ತಾರೆ. ನಮ್ಮ ಕೊಕ್ಕರೆ ಬೆಳ್ಳೂರಿನ ಹಾಗೇ. ಯುರೋಪಿನಲ್ಲಿ ಆಗಿದ್ದರೆ ವೀರಾಪುರಂ ಪಕ್ಷಿ ನಿರ್ದೇಶನದ ಪಟ್ಟಿಯಲ್ಲಿ ಇರ್ತಿತ್ತು ಅಂತ ಇಟ್ಟುಕೊಳ್ಳಿ. ಕೊಕ್ಕರೆಗಳು ಮೀನು ಹಿಡಿಯೋಕೆ ಹೋಗುವ ಸುತ್ತಲಿನ ಕೆರೆಗಳಲ್ಲಿ ಯಾರಾದರೂ ಲೇಔಟ್ ಮಾಡಹೊರಟರೆ, ಕೆರೆ ಪಟ್ಟಿಯ ಹೊರಗೆ ಇದ್ದರೂ ಸರಿ, 6(3)ರ ಪ್ರಶ್ನೆ ಏಳ್ತಿತ್ತು. ಸಂತೋಷ. ಆದರೆ ಚಿಕ್ಕಮ್ಮನ ಕೆರೆಗೆ ಕೊಕ್ಕರೆ ಬರೋಲ್ಲ. ಎಷ್ಟೋ ವರ್ಷ ಅದಕ್ಕೆ ನೀರೇ ಬರೋಲ್ಲ. ಪಟ್ಟಿಗೆ ಸೇರುವಷ್ಟು ಅಪರೂಪದ್ದು ಅಲ್ಲಿ ಏನೂ ಇಲ್ಲ. ಎರಡು ಸುತ್ತಲ ಬೋರ್‌ವೆಲ್‌ಗಳು, ಒಂದು ಅಂತರ್ಜಲ. ಅಪರೂಪದ್ದನ್ನು ಕಾಯುವ ಕಾನೂನು ಮಾಮೂಲಿ ಕೆರೆಯನ್ನು ಕಾಯೋದಿಲ್ಲ. ಮಾಮೂಲಿ ಕೆರೆಗೆ ತಿರುಪತಿಯ ನ್ಯಾಸ ಸಿದ್ಧಾಂತವೇ ಹೆಚ್ಚು ವಿಶಾಲ, ಇದನ್ನು ನಾನು ಒಪ್ಪಲೇಬೇಕು. ತತ್ವ ನಮ್ಮದು ದೊಡ್ಡದು, ಆಫೀಸಿನ ಮೇಜಿಗೆ ಅದು ಇಳಿದು ಬಂದಿಲ್ಲ, ಅಷ್ಟೇ.

ಈಗ ಅತಿ ಕಷ್ಟದ ಭಾಗ. 2020ರ ಡಿಸೆಂಬರ್ 25ರಂದು ಆಂಧ್ರ ಸರ್ಕಾರ ಸುಮಾರು 30 ಲಕ್ಷ ಮನೆ ನಿವೇಶನ ಹಂಚುವ ಕಾರ್ಯಕ್ರಮ ಶುರು ಮಾಡಿತು. ಪಟ್ಟಣದಲ್ಲಿ ಒಂದು ಸೆಂಟು, ಹಳ್ಳಿಯಲ್ಲಿ ಒಂದೂವರೆ ಸೆಂಟು, ಪಟ್ಟಾ ಹೆಂಗಸರ ಹೆಸರಿಗೆ. 8 ಅಕ್ಟೋಬರ್ 2021ರಂದು ಹೈಕೋರ್ಟಿನ ಏಕಸದಸ್ಯ ಪೀಠ ಇದರ ಮೇಲೆ ದೀರ್ಘವಾದ ತೀರ್ಪು ಕೊಟ್ಟಿತು. ಇಷ್ಟು ಸಣ್ಣ ಜಾಗದಲ್ಲಿ ಒತ್ತೊತ್ತಾಗಿ ಮನೆ ಬಂದರೆ ಆರೋಗ್ಯ, ಪರಿಸರ ಇವುಗಳ ಗತಿ ಏನು ಅಂತ ಕೇಳಿತು. ತಜ್ಞರ ಸಮಿತಿ ನೋಡಬೇಕು, ಅಲ್ಲಿವರೆಗೆ ಕಟ್ಟಬಾರದು ಅಂತು. ಹೆಂಗಸರಿಗೆ ಮಾತ್ರ ಪಟ್ಟಾ ಕೊಡೋದು ತಪ್ಪು ಅಂತಲೂ ಅಂತು. ಅದೇ ನವೆಂಬರ್ ಕೊನೆಯಲ್ಲಿ ವಿಭಾಗೀಯ ಪೀಠ ಈ ತೀರ್ಪನ್ನು ರದ್ದು ಮಾಡಿತು.

ಎರಡು ತಿಂಗಳೂ ಬದುಕದ ಈ ತೀರ್ಪಿನ ಬಗ್ಗೆ ನನಗೆ ಎರಡು ಮನಸ್ಸು. ಪರಿಸರದ ಪರಿಣಾಮ ನೋಡದೆ 30 ಲಕ್ಷ ನಿವೇಶನ ಹಂಚಬಾರದು ಅನ್ನೋ ಪ್ರಶ್ನೆ ಸರಿಯಾದದ್ದೇ. ಗಾತ್ರದ ಜರಡಿಯಲ್ಲಿ ಇಳಿದುಹೋಗುವ ಸಣ್ಣ ಲೇಔಟುಗಳನ್ನೆಲ್ಲ ಒಟ್ಟು ಸೇರಿಸಿ ಒಂದೇ ಯೋಜನೆ ಅಂತ ನೋಡಿದ್ದು, ಐರ್ಲೆಂಡಿನ ತೀರ್ಪಿನ ರೀತಿಯಲ್ಲೇ, ದೊಡ್ಡ ಹೆಜ್ಜೆ. ಆದರೆ ಅದು ನೋಡಿದ್ದು ಸೈಟು ಎಷ್ಟು ಸಣ್ಣದು ಅಂತ. ಸೈಟು ಎಲ್ಲಿದೆ ಅನ್ನೋದಕ್ಕೆ ಒತ್ತು ಬೀಳಲಿಲ್ಲ. ಒಣ ಗುಡ್ಡದ ಮೇಲಿನ ಲೇಔಟೂ ಕೆರೆಯಂಗಳದ ಲೇಔಟೂ ಒಂದೇ ಆದೇಶದಲ್ಲಿ ನಿಂತವು. ರಾಜ್ಯಕ್ಕೆ ರಾಜ್ಯವೇ ನಿಂತಾಗ ಮೇಲಿನ ಪೀಠದಲ್ಲಿ ಆ ತೀರ್ಪು ಉಳಿಯೋದು ಕಷ್ಟ ಅನ್ನೋದು ಎರಡನೇ ವರ್ಷದ ವಿದ್ಯಾರ್ಥಿಗೂ ಗೊತ್ತು. ಅದರ ಜೊತೆಗೆ ಪರಿಸರದ ಪ್ರಶ್ನೆಯೂ ಬಿದ್ದುಹೋಯಿತು. ಚಿಕ್ಕಮ್ಮನಿಗೆ ಆ ಅಕ್ಟೋಬರಿನಲ್ಲಿ ತಲುಪಿದ ಸುದ್ದಿ ಏನು ಗೊತ್ತಾ? ‘ಹೆಂಗಸರ ಹೆಸರಿಗೆ ಕೊಟ್ಟಿದ್ದು ತಪ್ಪಂತೆ, ಪಟ್ಟಾ ಹೋಗುತ್ತಂತೆ.’ ಪರಿಸರ ಅನ್ನೋ ಪದ ಅವಳ ಕಿವಿಗೆ ಬೀಳಲೇ ಇಲ್ಲ.

ಇಲ್ಲಿ ನನಗೆ ಆವಾಸಸ್ಥಾನ ನಿರ್ದೇಶನದ 6(4)ನೇ ಪರಿಚ್ಛೇದ ಮುಖ್ಯ ಅನಿಸೋದು. ನಾವೆಲ್ಲ 6(3)ರಲ್ಲೇ ನಿಂತುಬಿಡ್ತೀವಿ. 6(4) ಏನು ಹೇಳುತ್ತೆ? ಹಾನಿ ಆಗುತ್ತೆ ಅಂತ ಗೊತ್ತಾದ ಮೇಲೂ ಅನುಮತಿ ಕೊಡಬಹುದು. ಆದರೆ ಬೇರೆ ಪರ್ಯಾಯ ಇಲ್ಲ ಅಂತ ತೋರಿಸಬೇಕು, ತಪ್ಪಿಸಲಾಗದ ದೊಡ್ಡ ಸಾರ್ವಜನಿಕ ಹಿತ ಇರಬೇಕು, ಕಳೆದುಕೊಂಡದ್ದಕ್ಕೆ ಪರಿಹಾರವಾಗಿ ಬೇರೆ ಕಡೆ ಮಾಡಿಕೊಡಬೇಕು. ಬಡವರಿಗೆ ಮನೆ ಅನ್ನೋದು ದೊಡ್ಡ ಸಾರ್ವಜನಿಕ ಹಿತ ಅಲ್ಲ ಅಂತ ನಾನು ಎಂದೂ ವಾದಿಸಲ್ಲ. ನನ್ನ ಪ್ರಶ್ನೆ ಮೊದಲ ಷರತ್ತಿನದು: ಬೇರೆ ಜಾಗ ನೋಡಿದಿರಾ? ಕೆರೆಯಂಗಳವೇ ಯಾಕೆ? ಉತ್ತರ ನಮಗೆಲ್ಲ ಗೊತ್ತು. ಅದು ಸರ್ಕಾರದ ಪೊರಂಬೋಕು, ಕಾಸು ಕೊಟ್ಟು ಕೊಳ್ಳಬೇಕಿಲ್ಲ. ಊರ ಪಕ್ಕದ ಖಾಸಗಿ ಜಮೀನು ತಗೊಂಡರೆ 2013ರ ಭೂಸ್ವಾಧೀನ ಕಾಯ್ದೆಯ ಪ್ರಕಾರ ಪರಿಹಾರ ಕೊಡಬೇಕು. ಹಾಗಾಗಿ ಬಡವರ ಮನೆ ಮತ್ತು ಕೆರೆ ಎದುರಾಳಿಗಳಾಗಿ ಕೋರ್ಟಿನಲ್ಲಿ ನಿಲ್ತಾವೆ, ಕೊಳ್ಳಬಹುದಾಗಿದ್ದ ಜಮೀನಿನ ವಿಷಯ ಕಟಕಟೆಗೆ ಬರೋದೇ ಇಲ್ಲ. ತಿರುಪತಿಯ ತೀರ್ಪಿನಲ್ಲಿ ಸುಸ್ಥಿರ ಅಭಿವೃದ್ಧಿಯ ಬಗ್ಗೆ ಪುಟಗಟ್ಟಲೆ ಇದೆ, ಮನೆಗೂ ಕೆರೆಗೂ ತೂಗುವ ಮಾತಿದೆ. ಈ ಮನೆಗಳನ್ನು ಇನ್ನೆಲ್ಲಿ ಕಟ್ಟಬಹುದಿತ್ತು ಅನ್ನೋದರ ಮೇಲೆ ತೀರ್ಪು ನಿಲ್ಲೋದಿಲ್ಲ. ನನ್ನ ಮುಖ್ಯ ತಕರಾರು ಇದೇ.

ಯುರೋಪು ಇದನ್ನೆಲ್ಲ ಚೆನ್ನಾಗಿ ಮಾಡಿದೆ ಅಂತಲೂ ಅಲ್ಲ. ಸಾರಜನಕದ ಬಗ್ಗೆ ಯುರೋಪಿಯನ್ ನ್ಯಾಯಾಲಯ 2018ರಲ್ಲಿ ಹೇಳಿದ್ದನ್ನು ಹಿಡಿದು 29 ಮೇ 2019ರಂದು ನೆದರ್‌ಲೆಂಡ್ಸ್‌ನ ಕೌನ್ಸಿಲ್ ಆಫ್ ಸ್ಟೇಟ್ ಸರ್ಕಾರದ ಸಾರಜನಕ ಕಾರ್ಯಕ್ರಮವನ್ನು ಬೀಳಿಸಿತು. ವಸತಿಯೂ ಸೇರಿ ಸಾವಿರಾರು ಯೋಜನೆಗಳು ನಿಂತವು. ಇಂಗ್ಲೆಂಡಿನಲ್ಲಿ ನದಿಗೆ ಸೇರುವ ಪೋಷಕಾಂಶದ ಕಾರಣಕ್ಕೆ 2022ರ ಹೊತ್ತಿಗೆ 74 ಸ್ಥಳೀಯ ಸಂಸ್ಥೆಗಳ ವ್ಯಾಪ್ತಿಯಲ್ಲಿ ಮನೆ ಅನುಮತಿಗೆ ತೊಡಕಾಯಿತು. ಆ ನಿಯಮ ಸಡಿಲ ಮಾಡೋಕೆ ಸರ್ಕಾರ ತಂದ ತಿದ್ದುಪಡಿಯನ್ನು 2023ರ ಸೆಪ್ಟೆಂಬರಿನಲ್ಲಿ ಹೌಸ್ ಆಫ್ ಲಾರ್ಡ್ಸ್ ಸೋಲಿಸಿತು. ನದಿ ಕೆಡಿಸಿದ್ದರಲ್ಲಿ ಗೊಬ್ಬರದ್ದೂ ಚರಂಡಿ ಕಂಪನಿಗಳದ್ದೂ ದೊಡ್ಡ ಪಾಲು, ತಡೆ ಬಿದ್ದಿದ್ದು ಇನ್ನೂ ಮನೆ ಸಿಗದವರಿಗೆ. ಕೊನೆಗೆ ಬರುವವರೇ ಹಳೆಯ ಸಾಲ ತೀರಿಸುವ ಈ ಪದ್ಧತಿ ಅಲ್ಲೂ ಇದೆ.

ಬೆಂಗಳೂರನ್ನು ಬೇಗ ಮುಟ್ಟಿ ಮುಗಿಸ್ತೀನಿ. ಅಗರ–ಬೆಳ್ಳಂದೂರು ಪ್ರಕರಣದಲ್ಲಿ ಹಸಿರು ನ್ಯಾಯಮಂಡಳಿ 2016ರಲ್ಲಿ ಕೆರೆಗಳ ಸುತ್ತಲಿನ ಮೀಸಲು ಪಟ್ಟಿಯನ್ನು 30 ಮೀಟರಿನಿಂದ 75 ಮೀಟರಿಗೆ ಏರಿಸಿತ್ತು. ಮಾರ್ಚ್ 2019ರಲ್ಲಿ ಸುಪ್ರೀಂ ಕೋರ್ಟು ಅದನ್ನು ತೆಗೆದುಹಾಕಿತು. ಮಹಾಯೋಜನೆಯನ್ನು ತಿದ್ದೋ ಅಧಿಕಾರ ನ್ಯಾಯಮಂಡಳಿಗೆ ಇಲ್ಲ ಅನ್ನೋದು ಕಾರಣ. ಕಾನೂನಿನ ದೃಷ್ಟಿಯಿಂದ ಅದು ಸರಿಯೇ ಇರಬಹುದು. ಮೀಟರು ಬರೆಯಬೇಕಾದವರು ಬರೆಯದಿದ್ದಾಗ ಕೋರ್ಟು ಬರೆಯುತ್ತೆ, ಬರೆದದ್ದು ನಿಲ್ಲೋದಿಲ್ಲ. ಬೆಂಗಳೂರಿಗಾದರೂ ತಿದ್ದೋಕೆ ಒಂದು ಮಹಾಯೋಜನೆ ಇತ್ತು.

ಪ್ರಶ್ನೆಗಳಿಗೆ ಬರ್ತೀನಿ. ಮೇಡಂ ಕೇಳಿದ್ದು: ವರ್ಷಗಟ್ಟಲೆ ಒಣಗಿರುವ ಕೆರೆಯನ್ನು ಕೆರೆ ಅಂತ ಎಷ್ಟು ದಿನ ಕಾಯಬೇಕು, ಜನಕ್ಕೆ ಜಾಗ ಬೇಕಲ್ಲ? ನ್ಯಾಯವಾದ ಪ್ರಶ್ನೆ ಮೇಡಂ. ನಮ್ಮ ಸೀಮೆಯಲ್ಲಿ ಒಣಗಿರೋದು ಕೆರೆಯ ಮಾಮೂಲಿ ಸ್ಥಿತಿ. ನವೆಂಬರ್ 2021ರಲ್ಲಿ ತಿರುಪತಿ ಮುಳುಗಿತು. ಅಕ್ಟೋಬರ್ 2022ರಲ್ಲಿ ಅನಂತಪುರದಲ್ಲಿ ನಡಿಮಿ ವಂಕ ಉಕ್ಕಿ ಕಾಲೊನಿಗಳಿಗೆ ನುಗ್ಗಿತು. ವಂಕ ತನ್ನ ದಾರಿಯನ್ನು ಮರೆತಿರಲ್ಲ. ವಾಡನ್‌ಜೀ ತೀರ್ಪಿನ ಭಾಷೆಯಲ್ಲಿ ಹೇಳಬೇಕಾದರೆ, ಮತ್ತೆ ನೀರು ಬರೋದೇ ಇಲ್ಲ ಅಂತ ಅನುಮಾನ ಉಳಿಯದ ಹಾಗೆ ತೋರಿಸಬೇಕಾದವರು ಲೇಔಟ್ ಮಾಡುವವರು.

ಇನ್ನೊಬ್ಬ ಸಹಪಾಠಿಯ ಪ್ರಶ್ನೆ ನೇರವಾಗಿದೆ: ‘ನಿಮ್ಮ ಚಿಕ್ಕಮ್ಮನ ಲೇಔಟಿನ ಮೇಲೆ ನೀವು ರಿಟ್ ಹಾಕ್ತೀರಾ?’ ಹಾಕಿದರೆ ಅಮರಾವತಿಗೆ ಹೋಗಬೇಕು, ಹಸಿರು ನ್ಯಾಯಮಂಡಳಿಯಾದರೆ ಚೆನ್ನೈಗೆ. ದೂರದ ವಿಷಯ ಇರಲಿ. ಅರ್ಜಿಯ ಪ್ರಾರ್ಥನೆಯಲ್ಲಿ ‘ಹಂಚಿಕೆ ರದ್ದು ಮಾಡಿ’ ಅಂತ ಮಾತ್ರ ಬರೆದರೆ ಹಿಂಚ್‌ಲಾಲ್ ತೀರ್ಪು ನನ್ನ ಪರ ಇದೆ; ಆರು ತಿಂಗಳಲ್ಲಿ ಏಳಬೇಕಾದವಳು ಚಿಕ್ಕಮ್ಮ. ಆ ಅರ್ಜಿಗೆ ನಾನು ಸಹಿ ಹಾಕೋಲ್ಲ. ಬರೆಯೋದಾದರೆ ಹೀಗೆ ಬರೀತೀನಿ: ಈ ಜಾಗ ಆರಿಸುವಾಗ ಪರಿಶೀಲಿಸಿದ ಬೇರೆ ಜಾಗಗಳ ಕಡತವನ್ನು ಹಾಜರುಪಡಿಸಬೇಕು, ಕಡತ ಇಲ್ಲದಿದ್ದರೆ ಅಷ್ಟೇ ದೂರದಲ್ಲಿ, ಅಷ್ಟೇ ಅಳತೆಯ, ಅದೇ ಹೆಂಗಸರ ಹೆಸರಿನ ಪಟ್ಟಾವನ್ನು ಮೊದಲು ಕೊಡಬೇಕು, ಅದು ಅವರ ಕೈಗೆ ಬಂದ ಮೇಲೆಯೇ ಕೆರೆಯಂಗಳದ ಹಂಚಿಕೆಯನ್ನು ಹಿಂದಕ್ಕೆ ಪಡೆಯಬೇಕು. ಇಂಥ ಪ್ರಾರ್ಥನೆಯನ್ನು ಕೋರ್ಟು ಒಪ್ಪುತ್ತಾ ಅಂತ ಸರ್ ಕೇಳ್ತಿದ್ದಾರೆ. ಕರಡು ಅರ್ಧ ಬರೆದಿದ್ದೀನಿ ಸರ್, ಮುಂದಿನ ವಾರ ಕಳಿಸ್ತೀನಿ, ನೀವೇ ನೋಡಿ ಹೇಳಬೇಕು. ಚಿಕ್ಕಮ್ಮನಿಗೂ ತೆಲುಗಿನಲ್ಲಿ ಓದಿ ಹೇಳಬೇಕು, ಪಟ್ಟಾ ತೆಲುಗಿನಲ್ಲೇ ಇರೋದು.